ಹಿಂದಿನ ಸೀಟು

ಕೊಲ್ಹಾಪುರದ ಡಾಕ್ಟರೊಬ್ಬರ ಗಾಡಿ. ಎರಡನೇ ಕೈ.
ಮೀಟರು ಸುಳ್ಳು ಹೇಳತಿತ್ತು, ಇಂಜಿನ್ನು ಹೇಳಲಿಲ್ಲ.
ಮನ್ಯಾಗ ನಾ ಹೇಳಿದ್ದು ಇಷ್ಟ:
ನಾಲ್ಕು ಬಾಗಿಲ ಅದಾವ, ಡಿಕ್ಕಿ ದೊಡ್ಡದೈತಿ,
ಜ್ವಾಳದ ಚೀಲ ಎರಡು ಆರಾಮ ಮಲಗತಾವ.
ಟರ್ಬೋ ಅನ್ನೂ ಶಬ್ದ
ನಾಲಿಗಿ ಕೆಳಗ ಇಟಗೊಂಡೆ, ಲವಂಗದಂಗ.

ಉದ್ಯಮಬಾಗದಾಗ ನನ್ನ ಲೇಥು.
ಹಗಲೆಲ್ಲ ಮಂದಿಯ ಪಂಪಿಗೆ ಬುಶ್ ತಿರುವೂದು,
ಆರು ಹೊಡೆದ ಮ್ಯಾಲ ನನ್ನ ಗಾಡಿದು.
ಮೈಕ್ರೋಮೀಟರು ಟಿಕ್ ಅಂದ್ರ
ಎದಿಯೊಳಗೂ ಏನೋ ಟಿಕ್ ಅಂತಿತ್ತು.
ಬಾಜೂ ಗಾಳೆದ ದಸ್ತಗೀರ
ಬಾನೆಟ್ಟಿನಾಗ ಹಾಕಿದ ತಲಿ ಎತ್ತದನ ಹೇಳತಿದ್ದ:
"ಭರಮಣ್ಣಾ, ಇದಕ್ಕ ಹಸಿವು ಭಾಳ.
ಗಾಳಿ ಕೊಡ್ರಿ, ಗಾಳಿ."

ಕೊಟ್ಟೆ. ದೊಡ್ಡ ಇಂಟರ್‌ಕೂಲರ್, ಸ್ಟೀಲಿನ ಪೈಪು.
ಪುಣೆದಿಂದ ಬಂದ ಹುಡುಗನೊಬ್ಬ ಲ್ಯಾಪ್‌ಟಾಪ್ ತೊಡಿ ಮ್ಯಾಲಿಟಗೊಂಡು
ಗಾಡಿಯ ಮನಸ್ಸು ಹೊರಗ ತಗದು, ತಿದ್ದಿ, ಹೊಳ್ಳಿ ಹಾಕಿದ.
ನಾಲ್ಕೂ ಸ್ಪ್ರಿಂಗ್ ಬಿಚ್ಚಿಸಿ ಗಿಡ್ಡಾನ್ವು ಹಾಕಿಸಿದೆ.
ಗಾಡಿ ನೆಲಕ್ಕ ಕುಂತಿತು,
ಜಿಗಿಯೂಕಿಂತ ಮೊದಲ ಬೆಕ್ಕು ಕುಂತಂಗ.

ಎಷ್ಟಾತು? ಅಂದ್ಳು ತ್ರಿಶಲಾ.
ಅರ್ಧ ಹೇಳಿದೆ.
ಪತ್ತಿನ ಸೊಸೈಟಿಯಾಗ ಹದಿನೆಂಟು ವರ್ಷ ಲೆಡ್ಜರ್ ನೋಡಿದಾಕಿ,
"ಹೂಂ" ಅಂದ್ಳು.
ಅಕಿ ಹೂಂ ಅಂದ್ರ
ಪಾವತಿ ಸಿಕ್ಕೈತಿ ಅಂತ ಅರ್ಥ.
ಇದು ತಿಳಿಯೂಕ ನನಗ ಎರಡು ಮಳಿಗಾಲ ಹಿಡೀತು.

ಅವ್ವ ಯಾವತ್ತೂ ಹಿಂದ, ಎಡಕ.
ಒಂದೊಂದು ತಗ್ಗಿಗೆ ಒಬ್ಬೊಬ್ಬ ತೀರ್ಥಂಕರ.
ಟಿಳಕವಾಡಿಯಿಂದ ಶಹಾಪುರದ ಬಸದಿ ಮುಟ್ಟೂದರಾಗ
ಇಪ್ಪತ್ನಾಲ್ಕೂ ಹೆಸರು ಮುಗಿದು
ಹೊಳ್ಳಿ ಆದಿನಾಥನಿಂದ ಸುರು.
ನಾ ಭಕ್ತಿ ಅಂದಕೊಂಡೆ.

ದೀಪಾವಳಿ ಮುಗಿದು ಗೋವಾದಾಗ ಒಂದು ಮದುವಿ.
ಚೋರ್ಲಾ ಘಾಟು. ಕಣಕುಂಬಿ ದಾಟಿದ್ದಷ್ಟ,
ಗಾಡಿ ನಿಲ್ಲಸ್ರಿ ಅಂದ್ಳು ತ್ರಿಶಲಾ.
"ನಾ ಹೊಡೀತೀನಿ. ನೀವು ಹಿಂದ ಹೋಗ್ರಿ,
ಹುಡುಗಿ ಮುಂದ ಕುಂಡರ್ಲಿ."
ಮೂರು ವರ್ಷದಾಗ ಮೊದಲನೇ ಸಲ
ನನ್ನ ಗಾಡಿಯ ಹಿಂದಿನ ಸೀಟಿಗೆ ಕುಂತೆ.

ಮೂರನೇ ಗೇರಿಗೆ ಇಳಿಸಿ, ತಿರುವಿನ ಅರ್ಧಕ್ಕ ಬಂದ ಮ್ಯಾಲ
ಹಗೂರಕ ಒತ್ತಿದ್ಳು.
ಯಾರು ಕಲಿಸಿದ್ರೋ, ನಾ ಅಂತೂ ಅಲ್ಲ.
ಟರ್ಬೋ ಸಿಳ್ಳಿ ಹೊಡೀತು, ಹುಡುಗಿ ಕೇಕಿ ಹಾಕಿದ್ಳು,
ನನಗ ಟೊಂಕದಾಗ, ಬೆನ್ನಿನ ಒಂದೊಂದು ಮಣಿಗೆ
ನಾನ ಖರ್ಚು ಮಾಡಿದ ರೊಕ್ಕ
ಬಡಿಯಾಕ ಹತ್ತಿತು.
ಅಜಿತನಾಥ. ಸಂಭವನಾಥ.
ಬಾಜೂಕ ಅವ್ವ, ಕಣ್ಣು ಮುಚ್ಚಿ,
ಕಿಟಕಿ ಮ್ಯಾಲಿನ ಹಿಡಿಕಿಗೆ ಜೋತು ಬಿದ್ದು.
ಆ ಹಿಡಿಕಿ ಅಕಿಯ ನಾಲ್ಕು ಬೆರಳಿನಷ್ಟ ಜಾಗಾದಾಗ
ಸವದು ಬೆಳ್ಳಗಾಗಿತ್ತು.
ಈ ಗಾಡಿಯ ನಟ್ಟು ನಟ್ಟು ಬಲ್ಲೆ ಅಂತಿದ್ದೆ ನಾನು.

ಹಳೇ ಸ್ಪ್ರಿಂಗ್ ದಸ್ತಗೀರನ ಅಟ್ಟದ ಮ್ಯಾಲ ಇದ್ದವು,
ಗ್ರೀಸು ಬಡಿದು, ತಟ್ಟು ಸುತ್ತಿ.
ಏನೂ ಕೇಳಲಿಲ್ಲ. ಜಾಕ್ ಹಾಕಿದ.
"ಪೈಪು?" ಅಂದ.
ಇರಲಿ ಬಿಡು, ಹುಡುಗಿಗೆ ಸೇರತೈತಿ, ಅಂದೆ.
ಹುಡುಗಿಗೆ ಅಂತ.

ಈಗ ಗಾಡಿ ಎರಡು ಬೆರಳು ಎತ್ತರ.
ತಿರುವಿನ್ಯಾಗ ವಾಲತೈತಿ,
ಊಟ ಆದ ಮ್ಯಾಲಿನ ಬೀಗರಂಗ.
ಹೊಟ್ಟಿ ಉರೀತೈತಿ, ಸುಳ್ಳ್ಯಾಕ ಹೇಳಲಿ.

ಮೊನ್ನೆ ಎರಡನೇ ಗೇಟಿನ ಹಳಿ ದಾಟಿದ್ವಿ.
ಹಿಂದಿನಿಂದ ಸಪ್ಪಳ ಇಲ್ಲ.
ಕನ್ನಡಿಯಾಗ ನೋಡಿದೆ, ಕೈ ಮಡಿಲಾಗ ಇತ್ತು.
ಬಸದಿ ಮುಂದ ಬಾಗಿಲ ತಗದ್ರ
ಇಳಿಯಾಕ ಒಲ್ಲೆ ಅನ್ನೂ ಹಂಗ ಕುಂತಿದ್ಳು.
"ಬಂದ ಬಿಡ್ತೇನೋ ಭರಮಾ?
ನಾ ಇನ್ನ ಆದಿನಾಥನ್ನ ದಾಟಿಲ್ಲ."