ಭಂಗಾರದ ಅಂಗಡಿ

ಅಕ್ಕಲಕೋಟ ಸ್ಟ್ಯಾಂಡಿನ ಹಿಂದ ನಮ್ಮ ತಕ್ಕಡಿ.
ಬಿರಾಜದಾರರ ಶಾಂತಕ್ಕ ಗೋಣಿಚೀಲ ಬಿಚ್ಚಿದಳು:
ಗ್ವಾಡಿಗೆ ಹಾಕೂ ತಗಡಿನ ಗಿಡ,
ಮೂವತ್ತೊಂದು ಎಲಿ, ಎರಡು ಹಕ್ಕಿ.
‘ಹಿತ್ತಾಳಿ ಐತಿ. ಸೊಲ್ಲಾಪುರದಾಗ ಎರಡೂವರಿ ಸಾವಿರ ಕೊಟ್ಟೀವಿ.’

ಹಳೇ ಸ್ಪೀಕರಿನ ಸೂಜಿಗಲ್ಲು ಹಿಡಿದೆ.
ಟಪ್ಪಂತ ಹತ್ತಿತು.

ಇಂಥವು ಈ ವರ್ಷ ಹನ್ನೆರಡು ಬಂದಾವ,
ಅದ ಗಿಡ, ಅದ ಎಡಕ್ಕ ನೋಡೂ ಹಕ್ಕಿ.
ಇದರದೊಂದು ಎಲಿ ಮಾತ್ರ ಬಾಗೇತಿ:
ದಿನಾ ಯಾರೋ ಬೀಗದಕೈ ಸಿಗಿಸಿ ಸಿಗಿಸಿ
ಬಣ್ಣ ಸವದು, ಅಷ್ಟ ಜಾಗ ಕನ್ನಡಿ ಆಗೇತಿ.
ಅದಕ್ಕ ಬ್ಯಾರೆ ರೇಟಿಲ್ಲ.

ಕಿಲೋಕ್ಕ ಇಪ್ಪತ್ತಾರು. ಒಂದು ಕಿಲೋ ಆರನೂರು ಗ್ರಾಮು.
‘ನಲವತ್ತೆರಡು ತಗೋರಿ.’
ಮರಾಠಿಯೊಳಗ ಚೌಕಾಶಿ ಮಾಡಿದಳು, ಕನ್ನಡದಾಗ ಬೈದಳು:
‘ಭಂಗಾರದವಗ ಬಂಗಾರ ಹ್ಯಾಂಗ ತಿಳೀತೈತಿ?’
ಒಂದ ಉಸಿರಿನ ಫರಕ, ಖರೇ ಐತಿ.
ಉಸಿರು ತೂಗೂ ಕಲ್ಲು ನನ್ನ ಹತ್ರ ಇಲ್ಲ.

ರೊಕ್ಕ ಎಣಿಸಿ, ‘ಚೀಲ ನಂದು’ ಅಂದಳು.
ಜಾಡಿಸಿ, ಮಡಚಿ, ಬಗಲಾಗ ಇಟಗೊಂಡು ಹ್ವಾದಳು.

ಜಾಡಿಸಿದಾಗ ಬಿದ್ದಿದ್ದ ಮೊಳಿ
ಸಂಜೀಕ ಕಸ ಹೊಡಿಯೂ ಮುಂದ ಸಿಕ್ಕಿತು.
ಸೂಜಿಗಲ್ಲು ಹಿಡಿದೆ.
ಹತ್ತಲಿಲ್ಲ.