ಅಸಲಿಯಲ್ಲದ್ದು, ಒಂದು

ಪಿಯಾನೋಗೆ ಹೊದಿಸುವ ಬಟ್ಟೆಯಲ್ಲಿ ಸುತ್ತಿ
ರಿಕ್ಷಾದಲ್ಲಿ ತಂದಳು ದೌಲತ್ ಘಾಸ್ವಾಲಾ.
ಲೈಸೆನ್ಸು, ಕಮಿಷನರ್ ಕಚೇರಿಯ ಪತ್ರ
ಬೇರೆಯಾಗಿ, ತೊಳೆದ ಹಾಲಿನ ಚೀಲದಲ್ಲಿ.
'ಅಪ್ಪನದು. ಜರ್ಮನ್ ಇರಬೇಕು. ಎಷ್ಟು ಬಂದೀತು?'

ಕ್ಯಾಂಪಿನ ಈ ಅಂಗಡಿಗೆ ಬರುವ
ಎಲ್ಲ ಬಂದೂಕೂ ಮೊದಲಿಗೆ ಜರ್ಮನ್ನೇ,
ಎಲ್ಲ ಅಪ್ಪಂದಿರೂ ಹುಲಿ ಹೊಡೆದವರೇ.
ನಾನು ಏನೂ ಅನ್ನುವುದಿಲ್ಲ. ಬೋಲ್ಟ್ ಎಳೆದು
ಒಳಗೆ ಖಾಲಿಯೇ ನೋಡುತ್ತೇನೆ
ಕಣ್ಣಿಂದ ಒಮ್ಮೆ, ಕಿರುಬೆರಳಿಂದ ಒಮ್ಮೆ.
ಕಣ್ಣು ಸುಳ್ಳು ಹೇಳಿದ್ದುಂಟು.

ಬೋಲ್ಟಿನ ಹಿಡಿ ಚಪ್ಪಟೆ, ಬೆಣ್ಣೆ ಸವರುವ ಚಾಕು.
ಕಟ್ಟಿಗೆ ನಳಿಗೆಯ ತುದಿತನಕ ಹೋಗಿ
ಉಕ್ಕಿನ ಟೋಪಿ ಹಾಕಿಕೊಂಡಿದೆ.
ಕುದುರೆ ಎರಡು.
ತಳದ ಮುಚ್ಚಳ ಕಳಚಿದರೆ
ತೋಟಾಗಳನ್ನು ಸುತ್ತಿಸಿ ಸುತ್ತಿಸಿ ಮೇಲೆ ಕೊಡುವ ಗಿರಕಿ,
ಬೆರಳು ತಾಗಿದ್ದೇ ತಡ
ನಿದ್ದೆಯಲ್ಲಿ ಮಗ್ಗುಲಾಗುವವರಂತೆ ತಿರುಗಿತು.

'ಜರ್ಮನ್ ಅಲ್ಲ ಬಾಯಿ. ಆಸ್ಟ್ರಿಯಾ. ಮಾನ್‌ಲಿಶರ್.
ನಿಮ್ಮ ಅಜ್ಜನ ಕಾಲದ್ದು.
ನಲವತ್ತು ವರ್ಷದಲ್ಲಿ ನಾನು ಕಂಡ ಎರಡನೆಯದು.'

'ಹಾಗಾದರೆ ಬೆಲೆ ಜಾಸ್ತಿ?'

ಇದನ್ನು ಹೇಗೆ ಹೇಳುವುದು.
ಇದರ ತೋಟಾ ಪುಣೆಯಲ್ಲಿಲ್ಲ,
ಮುಂಬೈಗೆ ಫೋನು ಮಾಡಿದರೆ ನಗುತ್ತಾರೆ.
ಅಪರೂಪದ್ದನ್ನು ಕೇಳಿಕೊಂಡು ಬರುವವನೂ
ಅಪರೂಪವೇ ಅಲ್ಲವೇ ತಾಯಿ.
ನಳಿಗೆ, ಬೋಲ್ಟು, ಮೈ, ಮೂರರ ಮೇಲೂ ಒಂದೇ ನಂಬರು: ಒಳ್ಳೆಯದು.
ಕಲ್ಕತ್ತೆಯ ವ್ಯಾಪಾರಿಯ ಹೆಸರು ಅರ್ಧ ಸವೆದಿದೆ: ಅದೂ ಒಳ್ಳೆಯದೇ,
ಸುಳ್ಳು ಹೆಸರು ಹೀಗೆ ಸವೆಯುವುದಿಲ್ಲ.
ಬೆಳಕಿಗೆ ಹಿಡಿದು ನಳಿಗೆಯಲ್ಲಿ ಇಣುಕಿದರೆ
ಸುರುಳಿ ಸುರುಳಿ, ಒಂದು ಚುಕ್ಕೆ ತುಕ್ಕಿಲ್ಲ.

'ಅವರು ಹೊಡೆದೇ ಇಲ್ಲ,' ಅಂದಳು.
'ಭಾನುವಾರ ಎಣ್ಣೆ. ಆಮೇಲೆ ಬಾಲ್ಕನಿಗೆ ಬಂದು
ಪೇರಲ ಗಿಡದ ಕಾಗೆಗೆ ಗುರಿ. ಟಕ್.
ಕೊನೆಕೊನೆಗೆ ಕಾಗೆಗೂ ರೂಢಿಯಾಗಿತ್ತು.'

ಹಿಂಬದಿಯ ಸ್ಕ್ರೂ ಆಗಲೇ ಕಣ್ಣಿಗೆ ಬಿದ್ದದ್ದು.
ಆ ದೇಶದವರ ಸೀಳು ಕೂದಲೆಳೆ,
ಇದರಲ್ಲಿ ನಾಲ್ಕಾಣೆ ನಾಣ್ಯ ನಿಲ್ಲಿಸಬಹುದು.
'ಯಾವನೋ ಕೈ ಬರದವನು ಹಾಳು ಮಾಡಿದ್ದಾನೆ ನೋಡಿ,'
ಅಂದುಬಿಟ್ಟೆ.
ಅಂದಮೇಲೆ ಭೂತಗನ್ನಡಿ ಹಿಡಿದೆ.

ಅರದ ಗೆರೆಗಳು ಬಲದಿಂದ ಎಡಕ್ಕೆ ಓರೆ.
ಎಡಚನ ಗೆರೆ.
ಬೈಲಹೊಂಗಲದ ಕುಲುಮೆಯಲ್ಲಿ ಅಪ್ಪ
ಬಾರಿಸಿ ಬಾರಿಸಿ ಸೋತು ಬಿಟ್ಟ ಕೈ ಅದು.
ಈ ಬೀದಿಯಲ್ಲಿ ಆ ಕೈಯಲ್ಲಿ ಅರ ಹಿಡಿದವನು
ಮಡಿವಾಳಪ್ಪ ಕಮ್ಮಾರ, ಒಬ್ಬನೇ.

ಶೇಟ್ ಊರಲ್ಲಿಲ್ಲದ ವಾರ.
ಬಿಳಿ ಡಗಲಿಯ ತೆಳ್ಳನೆಯ ಮನುಷ್ಯ, ಲಗ್ನಕ್ಕೆ ಹೊರಟವರು,
'ಸಂಜೆಯೊಳಗೆ ಬೇಕು ಹುಡುಗಾ.'
ರಾಜದೂತ್ ಗಾಡಿಯ ಮುರಿದ ಬೋಲ್ಟು ಸಾಣೆಗಿಟ್ಟು
ಊಟ ಬಿಟ್ಟು ಕೊರೆದೆ.
ಹನ್ನೊಂದು ರೂಪಾಯಿ, ಎಣ್ಣೆ ಹೀರಿದ ಕಾಗದದಲ್ಲಿ ಒಂದು ಮಾವಾ ಕೇಕು.
'ಅಸಲಿಗಿಂತ ಗಟ್ಟಿ ಸಾಹೇಬ್ರೆ,' ಅಂದಿದ್ದೆ.

ಅಂದರೆ ನಾನು ಕಂಡದ್ದು ಎರಡಲ್ಲ.

ಅಂದಾಜು ಪಟ್ಟಿಯಲ್ಲಿ ಬರೆದೆ:
ಅಸಲಿಯಲ್ಲದ ಸ್ಕ್ರೂ, ಒಂದು. ಕಡಿತ, ನಾಲ್ಕು ಸಾವಿರ.

'ಒಂದು ಸ್ಕ್ರೂಗೆ?'
'ಒಂದು ಸ್ಕ್ರೂಗೇ.'
'ತೆಗೆದು ಬೇರೆ ಹಾಕಲಿಕ್ಕಾಗುವುದಿಲ್ಲವೇ?'

ಸ್ಕ್ರೂಡ್ರೈವರ್ ಇಟ್ಟು ಮೈಭಾರ ಹಾಕಿ ತಿರುಗಿಸಿದೆ.
ಅಲ್ಲಾಡಲಿಲ್ಲ.
'ಗಟ್ಟಿ ಕೂತಿದೆ,' ಅಂದೆ.
ಹೇಳುವಾಗ ದನಿ ಏನಾಗಿತ್ತೋ,
ಅವಳು ಪಟ್ಟಿ ಬಿಟ್ಟು ನನ್ನ ಮುಖ ನೋಡಿದಳು.