ಎರಡನೇ ಆಟ ಬಿಟ್ಟ ಮೇಲೆ

ನಾನು ನೋಡಿಲ್ಲ ಆ ಸಿನಿಮಾ.
ಥೇಟರಿನ ಗೇಟಿಗೆದುರು ನನ್ನ ಗಾಡಿ,
ಆಮ್ಲೆಟ್-ಪಾವು, ಒಂದು ಗ್ಯಾಸ್ ದೀಪ.
ಒಂಬತ್ತು ದಿನದಿಂದ ಗೋಡೆಯಾಚೆ ಕಿರುಚುವುದು ಕೇಳುತ್ತೇನೆ,
ಯಾವ ಕಿರುಚಿಗೆ ಇಂಟರ್ವಲ್ಲು,
ಯಾವುದಕ್ಕೆ ಮೊಟ್ಟೆ ಒಡೆದಿಟ್ಟುಕೊಳ್ಳಬೇಕು,
ಅಷ್ಟು ಗೊತ್ತು.
ಉಳಿದದ್ದು ಹೊರಬಂದವರ ಬಾಯಲ್ಲಿ.

ಊರಿಗೆ ಊರೇ ಸತ್ತು ಏಳುತ್ತದಂತೆ.
ಕಚ್ಚಿಸಿಕೊಂಡವರು ಕಚ್ಚುತ್ತಾರಂತೆ.

"ಥೂ, ಎಂಥ ನಡಿಗೆ ಮಾರಾಯಾ,
ಬೈತಖೋಲದಲ್ಲಿ ಹೊರಟರೆ ಕೋಡಿಬಾಗ ಮುಟ್ಟುವಾಗ ಬೆಳಗಾಗುತ್ತದೆ,
ಅಷ್ಟರೊಳಗೆ ನಾನು ಗೋವಾ ಸೇರಿರುತ್ತೇನೆ."
ಪಾಲಿಟೆಕ್ನಿಕ್ಕಿನ ಹುಡುಗರು. ಮೂರು ಡಬಲ್, ಒಂದು ಸಿಂಗಲ್.
ಅವರಲ್ಲಿ ತಳೇಕರರ ಸಣ್ಣವ ಮಾತ್ರ ನಗಲಿಲ್ಲ.
ಸೇತುವೆ ಕಡೆ ಒಬ್ಬನೇ ಹೋಗಬೇಕಿತ್ತು,
"ಯಾರಾದರೂ ಬರ್ತೀರೇನ್ರೋ" ಅಂತ ಎರಡು ಸಲ ಕೇಳಿದ.

ಸಿವಿಲ್ ಆಸ್ಪತ್ರೆಯ ನರ್ಸು ಫಿಲೋಮಿನಾ ಬಾಯಿ:
"ಹನ್ನೊಂದು ಸೆಕೆಂಡಿಗೆ ಯಾವ ವಿಷವೂ ತಲೆಗೇರುವುದಿಲ್ಲ,
ಹಾವಿನದೂ ಇಲ್ಲ.
ಆದರೆ ಆ ಡಾಕ್ಟರು ಮುಖ ನೋಡದೆ ರುಜು ಹಾಕುತ್ತಾನಲ್ಲ,
ಅದನ್ನು ಬರೆದವನು
ಎಲ್ಲೋ ಆಸ್ಪತ್ರೆಯ ಬೆಂಚಿನಲ್ಲಿ ರಾತ್ರಿ ಕೂತೆದ್ದವನು."
ಹಳದಿ ಬೇಡ ಅಂದಳು, ಬರೀ ಬಿಳಿ.

ಶೆವಂತಿ ಹರಿಕಂತ್ರ ಮೊಮ್ಮಗನ ಜೊತೆ ಬಂದಿದ್ದಳು,
ಅರ್ಧ ನಿದ್ದೆ ಹೊಡೆದಳಂತೆ.
"ಎಲ್ಲ ಸುಳ್ಳು. ಅಷ್ಟೊಂದು ಹೆಣ,
ಒಬ್ಬರಾದರೂ ಮೂಗು ಮುಚ್ಚಿದರೇನು?
ನಿನ್ನೆಯ ಬಂಗಡೆ ಒಂದೇ ಒಂದು ಬುಟ್ಟಿಯಲ್ಲಿದ್ದರೆ
ಇಡೀ ಬಸ್ಸು ನನ್ನ ಕಡೆ ತಿರುಗುತ್ತದೆ."

ಇದು ಜೋಂಬಿಗಳ ಕಥೆಯೇ ಅಲ್ಲ, ರೂಪಕ,
ಅಂದರು ಬೋರ್ಕರ ಮಾಸ್ತರು.
ಯಾವುದರ ರೂಪಕ, ಕೇಳಿದೆ.
ಯೋಚಿಸಿ ಹೇಳುತ್ತೇನೆಂದು ಚಿಲ್ಲರೆ ಬಿಟ್ಟು ಹೋದರು.
ಐದು ದಿನವಾಯಿತು.

ವಿಠೋಬ ಅರ್ಗೇಕರ ಮಾತ್ರ ನಾಲ್ಕು ಸಲ ನೋಡಿದ.
"ಜನ ಹೆದರುವಲ್ಲಿ ನನಗೆ ಹೆದರಿಕೆಯಿಲ್ಲ.
ಒಂದು ಜಾಗ ಬರುತ್ತದೆ,
ಸತ್ತವರು ಯಾರನ್ನೂ ಕಚ್ಚದೆ
ತಂತಮ್ಮ ಮನೆಯೆದುರು ಹೋಗಿ ನಿಲ್ಲುತ್ತಾರೆ.
ಬರೀ ನಿಲ್ಲುತ್ತಾರೆ.
ಬುದ್ಧಿ ಹೋಗಿದೆ, ಹೆಸರು ಹೋಗಿದೆ,
ಕಾಲಿಗೆ ಮಾತ್ರ ದಾರಿ ಗೊತ್ತು."
ಅವನ ಮನೆಯಿದ್ದದ್ದು ಈಗ ನೌಕಾನೆಲೆಯ ತಂತಿಯೊಳಗೆ.
"ನಾನು ಸತ್ತರೆ ಗೇಟ್‌ಪಾಸ್ ಯಾರು ಕೊಡ್ತಾರೆ?"
ನಗಬೇಕೋ ಬೇಡವೋ ತಿಳಿಯದೆ
ಪಾವು ಇನ್ನಷ್ಟು ಕಾಯಿಸಿದೆ.

ಇವತ್ತಿನ ಆ ಜೋಡಿ.
ಮದುವೆಯಾಗಿ ಬಹಳ ದಿನವಾಗಿರಲಿಕ್ಕಿಲ್ಲ,
ಹಸಿರು ಬಳೆ ಇನ್ನೂ ಮುಂಗೈ ತುಂಬ.
ಅವಳು: "ಹೆಂಡತಿ ಹೊರಗೆ ಬಾಗಿಲು ಬಡಿಯುತ್ತಾಳೆ,
ಕಚ್ಚಿದೆಯೋ ಇಲ್ಲವೋ ಅವನಿಗೆ ಗೊತ್ತಿಲ್ಲ.
ತೆರೆಯಬೇಕಿತ್ತು."
"ಒಳಗೆ ಮಗು ಇತ್ತಲ್ಲ."
"ಮಗು ಬಿಡಿ. ನೀವಾದರೆ?"
ಅವನು ನನ್ನ ಕಡೆ ತಿರುಗಿ
"ಸ್ವಲ್ಪ ಈರುಳ್ಳಿ ಜಾಸ್ತಿ" ಅಂದ.
ಅವಳ ತಟ್ಟೆ ಹಾಗೇ ಉಳಿಯಿತು. ನಾಯಿ ತಿಂದಿತು.

ಒಂದೂವರೆಗೆ ದೀಪ ಆರಿಸಿ ಗಾಡಿ ತಳ್ಳಿದೆ.
ಕಡಲ ಗಾಳಿ. ರಸ್ತೆಗುಂಟ ಮೀನು ಲಾರಿ ಸುರಿಸಿದ ನೀರು.
ಹಿಂದೆ ಯಾರೂ ಬರುತ್ತಿರಲಿಲ್ಲ,
ತಿರುಗಿ ನೋಡಿದ್ದರಿಂದ ಗೊತ್ತು.
ರಾತ್ರಿ ಒಂದೇ ಕೂಗಿಗೆ ಓಗೊಡಬೇಡ, ಅನ್ನುತ್ತಿದ್ದಳು ಅಜ್ಜಿ,
ಮೂರನೇ ಸಲ ಕರೆಯುವುದು ದೆವ್ವಕ್ಕೆ ಬರುವುದಿಲ್ಲ.
ಮೂರು ಸಲ ಬಡಿಯೋಣವೆಂದು ಕೈಯೆತ್ತಿದೆ.
ಮೊದಲನೆಯದಕ್ಕೇ ಚಿಲಕ ಸರಿಯಿತು.

"ಯಾರು ಅಂತ ಕೇಳಬಾರದೇನೇ?"

"ಈ ಹೊತ್ತಿಗೆ ಈರುಳ್ಳಿ ನಾರುವವರು ಇನ್ಯಾರು,"
ಅರೆಗಣ್ಣಲ್ಲೇ ಚಾಪೆಯ ಕಡೆ ಹೋದಳು.
ಮತ್ತೆ, ಗೋಡೆಗೆ ಮುಖ ಮಾಡಿ,
"ಸಿನಿಮಾ ಹೇಗಿದೆಯಂತೆ?"

ಎಲ್ಲಿಂದ ಸುರು ಮಾಡಲಿ ಎಂದು ಕೂತೆ.
ಅಷ್ಟರಲ್ಲಿ ಗೊರಕೆ.